ಕೊಪ್ಪರಿಗೆಯಲ್ಲಿ ಉಂಡವರು

25 ಮಾರ್ಚ್ 2020, ಬುಧವಾರ. ಯುಗಾದಿ

ಇವತ್ತಿನಿಂದ ದಿನಚರಿ. ಮಗಳು ದೀಪ್ತಿಯ ಅಪ್ಪಣೆ. ಹಾಸನದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು, ಹಬ್ಬಕ್ಕೆಂದು ಬೆಳಿಗ್ಗೆ ಬರಬೇಕಿತ್ತು. ನಿನ್ನೆ ಇಡೀ ದೇಶಕ್ಕೇ ಬೀಗ ಹಾಕಿದರು, ಅವಳು ಅಲ್ಲೇ ಸಿಕ್ಕಿಕೊಂಡಳು. "ಅಮ್ಮಾ, ನೀನು ದಿನವೆಲ್ಲಾ ರೇಗೋದನ್ನ ಒಂದ್ ಕಡೆ ಬರ್ದಿಡು. ಅಪ್ಪನ ಕಿವಿಗೂ ಸ್ವಲ್ಪ ರಜಾ ಸಿಗ್ಲಿ" ಎಂದಳು ಫೋನಿನಲ್ಲಿ. ಹೆತ್ತ ತಾಯಿಗೆ ಹೇಳುವ ಮಾತೇ ಇದು? ಆದರೂ ಅಂಗಡಿಯ ಡೈರಿ ಒಂದು ಖಾಲಿ ಬಿದ್ದಿತ್ತು, ತೆಗೆದುಕೊಂಡೆ. ಯಾರೂ ಓದುವುದಿಲ್ಲವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಒಬ್ಬಟ್ಟು ಮಾಡಿದೆ. ತಿನ್ನಲು ನಾವಿಬ್ಬರೇ. ಯಜಮಾನರು (ಬ್ರಹ್ಮದೇವ ಎಂದು ಹೆಸರು ಹಿಡಿದು ಬರೆಯಲು ಮದುವೆಯಾಗಿ ನಲವತ್ತು ವರ್ಷವಾದರೂ ಕೈ ಬರುವುದಿಲ್ಲ) ಎರಡು ತಿಂದು ಎದ್ದರು. ಹಳೇಬೀಡಿನ ನಮ್ಮ ಅಕ್ಕಿ ಅಂಗಡಿ ಬೆಳಗಿನ ಹೊತ್ತು ಮಾತ್ರ ತೆರೆಯಬಹುದಂತೆ. ದೇವಸ್ಥಾನದ ಗೇಟಿಗೆ ಸರಪಳಿ ಬಿದ್ದಿದೆ. ಅದರ ಮುಂದೆ ಸೌತೆಕಾಯಿ ಮಾರುವವರು, ಎಳನೀರಿನವರು, ಆಟೋದವರು, ಗೈಡುಗಳು ಸುಮ್ಮನೆ ಕುಳಿತಿದ್ದಾರಂತೆ. ನಮ್ಮ ಮನೆ ಪಕ್ಕದ ಬಸದಿಗೂ ಇವತ್ತು ಒಂದು ನರಪಿಳ್ಳೆ ಬರಲಿಲ್ಲ. ಬಸ್ತಿಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಇಷ್ಟು ಮೌನವನ್ನು ನಾನು ಕಂಡಿಲ್ಲ.

1 ಏಪ್ರಿಲ್, ಬುಧವಾರ

ಬಿಕ್ಕೋಡಿನ ಕಡೆಯ ಕಾಫಿ ತೋಟಗಳ ಕೂಲಿಯವರು ಗುಂಪುಗುಂಪಾಗಿ ನಡೆದು ಬರುತ್ತಿದ್ದಾರೆ. ಜಾರ್ಖಂಡ್, ಅಸ್ಸಾಮ್ ಕಡೆಯವರು. ಅರಸೀಕೆರೆಗೆ ಹೋದರೆ ರೈಲು ಸಿಗುತ್ತದೆ ಎಂದು ಯಾರೋ ಹೇಳಿದ್ದಾರೆ. ರೈಲೆಲ್ಲಿಯದು! ಪೊಲೀಸರು ಅವರನ್ನೆಲ್ಲ ತಡೆದು ನಮ್ಮೂರ ಶಾಲೆಯಲ್ಲಿ ಉಳಿಸಿದ್ದಾರೆ. ನಮ್ಮ ಕಾಂಪೌಂಡಿನ ನೆರಳಲ್ಲಿ ಕುಳಿತ ಒಬ್ಬ ಹೆಂಗಸು ಚಪ್ಪಲಿ ಬಿಚ್ಚಿ ತನ್ನ ಪಾದ ನೋಡಿಕೊಳ್ಳುತ್ತಿದ್ದಳು. ಆ ಪಾದ ನನ್ನ ಕೈಲಿ ನೋಡಲಾಗಲಿಲ್ಲ. ಒಳಗೆ ಹೋಗಿ, "ಕೊಪ್ಪರಿಗೆ ತೆಗೀರಿ" ಎಂದೆ. ಯಜಮಾನರು ಯಾಕೆ ಎಂದು ಕೇಳಲಿಲ್ಲ, ಪಂಚೆ ಎತ್ತಿ ಕಟ್ಟಿದರು.

ಈ ಕೊಪ್ಪರಿಗೆಯ ವಿಷಯ ಬರೆಯಲೇಬೇಕು. ತಾಮ್ರದ್ದು. ಆಳೊಬ್ಬ ಒಳಗೆ ಕುಳಿತರೆ ತಲೆ ಮಾತ್ರ ಕಾಣುತ್ತದೆ. ಧಾತು, ಈಶ್ವರ ಸಂವತ್ಸರಗಳ ಆ ದೊಡ್ಡ ಬರದಲ್ಲಿ ಮೈಸೂರು ಸೀಮೆಯಲ್ಲಿ ಐದರಲ್ಲಿ ಒಂದು ಪಾಲು ಜನ ಹೋದರು ಎನ್ನುತ್ತಾರಲ್ಲ, ಆಗ ಯಜಮಾನರ ತಾತನ ತಾತ ಇದೇ ಅಂಗಳದಲ್ಲಿ ಒಲೆ ಹೂಡಿ ಇದೇ ಕೊಪ್ಪರಿಗೆಯಲ್ಲಿ ಗಂಜಿ ಕಾಯಿಸಿ ಹಾಕಿದರು. ಸಾಲು ಕೆರೆ ಏರಿಯವರೆಗೂ ಇರುತ್ತಿತ್ತು ಎಂದು ನಮ್ಮತ್ತೆ ಹೇಳುತ್ತಿದ್ದರು. ಸುತ್ತ ಇಷ್ಟು ಹಳ್ಳಿ ಉಂಡಿದೆ. ಆದರೆ "ನಮ್ಮ ಮುತ್ತಜ್ಜಿ ಇದರಲ್ಲಿ ಗಂಜಿ ಕುಡಿದು ಬದುಕಿದಳು" ಎಂದು ಹೇಳಿದ ಒಬ್ಬರನ್ನೂ ನಾನು ಈ ನಲವತ್ತು ವರ್ಷದಲ್ಲಿ ಕಂಡಿಲ್ಲ. ಉಪಕಾರ ಸ್ಮರಣೆ ಎನ್ನುವುದು ಈ ಸೀಮೆಯಲ್ಲಿ ಹುಟ್ಟಲೇ ಇಲ್ಲ.

3 ಏಪ್ರಿಲ್, ಶುಕ್ರವಾರ

ಒಲೆ ಹತ್ತಿತು. ಅನ್ನ, ಬೇಳೆ ಸಾರು, ಮಜ್ಜಿಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ನಮ್ಮ ಮನೆಯಲ್ಲಿ ಏನಿಲ್ಲವೋ ಅದು ಅಲ್ಲಿಯೂ ಇಲ್ಲ. ಹೊತ್ತು ಮುಳುಗಿದ ಮೇಲೆ ನಾವು ಬಾಯಿಗೆ ತುತ್ತಿಡುವವರಲ್ಲ, ಬಡಿಸುವುದೂ ಅದರೊಳಗೇ. ಐದೂವರೆಗೆ ಕೊಪ್ಪರಿಗೆ ತೊಳೆದು ಬೋರಲು ಹಾಕಬೇಕು. ಉಳಿದ ಅನ್ನ ರಾತ್ರಿ ಇಡುವ ಹಾಗಿಲ್ಲ, ಕೆರೆ ಹತ್ತಿರದ ಕೆಂಪಲಕ್ಷ್ಮಮ್ಮನ ಹಸುಗಳಿಗೆ ಹೋಗಬೇಕು. ಇಷ್ಟನ್ನೂ ಧರಣೇಶನಿಗೆ ಎರಡು ಸಲ ಹೇಳಿದೆ. ಅವನು ನಮ್ಮ ಮೈದುನನ ಮಗ, ಇಪ್ಪತ್ತೈದರ ಹುಡುಗ, ಕೈಗಿಂತ ಮೊಬೈಲು ಮುಂದೆ.

ಸಹಾಯಕ್ಕೆ ಗೈಡ್ ಗುರುಮೂರ್ತಿ ತಾನಾಗಿಯೇ ಬಂದ. ಹಳೇಬೀಡು ನೋಡಲು ಬಂದವರನ್ನೆಲ್ಲ ನಮ್ಮ ಬಸದಿಗೂ ಕರೆತಂದು, ಕನ್ನಡಿಯಂತಿರುವ ಕಂಬಗಳಲ್ಲಿ ಅವರವರ ಮುಖ ಅವರಿಗೇ ತೋರಿಸಿ ನಗಿಸುವವನು. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. "ಸುಮ್ನೆ ಮನೇಲಿ ಕೂತು ಬೇಜಾರಮ್ಮಾವ್ರೇ, ಏನಾದ್ರೂ ಕೆಲ್ಸ ಹೇಳಿ" ಎಂದ. ಹಿಂದಿ ಬರುವುದು ಅವನಿಗೊಬ್ಬನಿಗೇ. ಆ ಕೂಲಿ ಜನರ ಜೊತೆ ಅದೇನು ಮಾತಾಡಿದನೋ, ಮುದುಕನೊಬ್ಬ ನಕ್ಕುಬಿಟ್ಟ. ಕೊನೆಯಲ್ಲಿ, "ನೀನೂ ಉಣ್ಣೋ" ಎಂದರೆ, "ಮನೇಲಿ ರಮಾ ಕಾಯ್ತಿರ್ತಾಳೆ" ಎಂದ. ಹೆಂಡತಿ ಎಂದರೆ ಇಷ್ಟು ಭಯ ಇರಬೇಕು ಎಂದು ಯಜಮಾನರಿಗೆ ಕೇಳುವ ಹಾಗೆ ಹೇಳಿದೆ.

6 ಏಪ್ರಿಲ್, ಸೋಮವಾರ. ಮಹಾವೀರ ಜಯಂತಿ

ಎಲ್ಲರಿಗೂ ಪಾಯಸ. ಧರಣೇಶ ಬೇಲೂರಿನ ಸ್ನೇಹಿತನನ್ನು ಹಿಡಿದು ಫ್ಲೆಕ್ಸ್ ಮಾಡಿಸಿ ತಂದು ಗೇಟಿಗೆ ಕಟ್ಟಿದ. "ಧಾತು ಈಶ್ವರ ಬರದಿಂದ ಇಂದಿನವರೆಗೆ: ಬ್ರಹ್ಮದೇವರ ಮನೆತನದ ಅನ್ನಸೇವೆ." ಯಜಮಾನರದೂ ನನ್ನದೂ ಫೋಟೋ. ನಾನು ಸ್ವಲ್ಪ ದಪ್ಪ ಕಾಣುತ್ತೇನೆ, ಆದರೆ ಸೀರೆ ಚೆನ್ನಾಗಿ ಬಂದಿದೆ. ಯಜಮಾನರು ನೋಡಿ, "ಇದೆಲ್ಲಾ ಯಾಕ್ ಬೇಕಿತ್ತು" ಎಂದರು. ಒಳ್ಳೆಯದು ನಾಲ್ಕು ಜನಕ್ಕೆ ತಿಳಿದರೆ ನಾಲ್ಕು ಜನ ಕಲಿಯುತ್ತಾರೆ ಎಂದೆ.

ಧರಣೇಶ ಬಡಿಸುವುದನ್ನೂ ಉಣ್ಣುವುದನ್ನೂ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹೊರಗಿನವರು ತಟ್ಟೆ ಎತ್ತಿ ಹಿಡಿದು ನಗುತ್ತಾರೆ, ಪಾಪ. ನಮ್ಮ ಊರ ಕಡೆಯವರು ಮಾತ್ರ ಮೊಬೈಲು ಕಂಡರೆ ಟವಲು ಮುಖಕ್ಕೆ ಎಳೆದುಕೊಳ್ಳುತ್ತಾರೆ, ಕೊಲೆ ಮಾಡಿದವರ ಹಾಗೆ. ಗುರುಮೂರ್ತಿಯೂ ಸೌಟು ಹಿಡಿದವನು ಕಂಬದ ಹಿಂದೆ ಸರಿದ. ದಿನಾ ಪರದೇಶದವರ ಕ್ಯಾಮೆರಾಕ್ಕೆ ನಿಲ್ಲುತ್ತಿದ್ದವನಿಗೆ ಈಗೇನು ನಾಚಿಕೆಯೋ.

ಎಲ್ಲ ಮುಗಿದು ನಮ್ಮ ಊಟವೂ ಆಗಿ ಕತ್ತಲಾಗುತ್ತಿರುವಾಗ ಗೇಟಿನ ಹತ್ತಿರ ಯಾರೋ ಇಬ್ಬರು ಮುಸುಕು ಹಾಕಿಕೊಂಡು ನಿಂತಿದ್ದರು. ಏನು ಎಂದು ಕೂಗಿದೆ. ಮಾತಾಡದೆ ಹೋದರು. ಮಧ್ಯಾಹ್ನವೆಲ್ಲ ಕರೆದು ಕರೆದು ಬಡಿಸುತ್ತೇವೆ, ಆಗ ಬರುವುದಕ್ಕೆ ಏನು ರೋಗ? ಕತ್ತಲಾದ ಮೇಲೆ ಬಂದರೆ ನಮ್ಮಲ್ಲಿ ಒಲೆ ಇರುವುದಿಲ್ಲ ಎಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ!

9 ಏಪ್ರಿಲ್, ಗುರುವಾರ

ಕೆಂಪಲಕ್ಷ್ಮಮ್ಮ ಹಾಲು ತಂದವಳು ಮೂತಿ ಊದಿಸಿಕೊಂಡಿದ್ದಳು. "ಏನೇ?" ಎಂದರೆ, "ಅನ್ನ ಕಳಿಸ್ತೀನಿ ಕಳಿಸ್ತೀನಿ ಅಂತೀರಿ, ನಮ್ ಹಸೀನ ಬಾಯಿಗೆ ಒಂದ್ ಅಗುಳೂ ಬಿದ್ದಿಲ್ಲ ಕಣ್ರವ್ವಾ" ಎಂದಳು.

ಹಾಗಾದರೆ ಎಲ್ಲಿ ಹೋಗುತ್ತಿದೆ? ಅನ್ನ ಒಯ್ಯುವ ಕೆಲಸ ಗುರುಮೂರ್ತಿಯದು. ಮೊದಲ ದಿನವೇ, "ಹಸೀಗೆ ನಾನ್ ಕೊಟ್ಬತ್ತೀನಿ, ನಮ್ಮನೆ ದಾರೀಲೇ ಐತೆ" ಎಂದು ತಾನೇ ಬಕೆಟ್ಟು ಎತ್ತಿಕೊಂಡಿದ್ದ. ಬಕೆಟ್ಟು ಮಾತ್ರ ಮರುದಿನ ತೊಳೆದು ಥಳಥಳ ಅನ್ನಿಸಿ ತರುತ್ತಾನೆ. ಯಾರಿಗೋ ಮಾರಿಕೊಳ್ಳುತ್ತಿದ್ದಾನೆ, ಹಂದಿ ಸಾಕುವವರಿಗೋ ಏನೋ. ಬಿಳಿ ಅಂಗಿಯವರನ್ನು ನಂಬಬಾರದು. ಯಜಮಾನರಿಗೆ ಹೇಳಿದರೆ, "ಬಿಡೇ, ಯಾವ್ದೋ ಒಂದ್ ಹೊಟ್ಟೆಗೆ ಹೋಗ್ತದೆ" ಎಂದು ಪೇಪರು ತಿರುವಿದರು. ಇವರಿಗೆ ಎಲ್ಲರೂ ಒಳ್ಳೆಯವರೇ. ಅದಕ್ಕೇ ಅಂಗಡಿ ಬೆಳೆಯಲಿಲ್ಲ.

11 ಏಪ್ರಿಲ್, ಶನಿವಾರ

ದೀಪ್ತಿ ಫೋನು ಮಾಡಿದಳು. ಫ್ಲೆಕ್ಸಿನ ಫೋಟೋ ನೋಡಿದಳಂತೆ. ಹೊಗಳುತ್ತಾಳೆ ಎಂದುಕೊಂಡೆ. ಅವಳು ಆ ಬರದ ಬಗ್ಗೆ ಕಾಲೇಜಿಗೆ ಏನೋ ಬರೆಯುತ್ತಿದ್ದಾಳೆ. ಅರಸೀಕೆರೆಗೆ ರೈಲು ಬಂದದ್ದರ ಹಿಂದೆಯೂ ಆ ಬರದ ಪಾಠವೇ ಇತ್ತಂತೆ, ಇನ್ನೊಂದು ಸಲ ಹಾಗಾದರೆ ಧಾನ್ಯ ಸಾಗಿಸಲು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ, "ಆಗ ಗಂಜಿ ಕೇಂದ್ರ ಇದ್ದೂ ಅದರ ಪಕ್ಕದ ಬೀದಿಯಲ್ಲೇ ಜನ ಸತ್ತಿದಾರೆ ಅಮ್ಮಾ" ಎಂದಳು. "ಗಂಜಿ ಸಾಲದೇ ಹೋಯಿತಾ?" ಎಂದೆ. "ಅದೂ ಇತ್ತು. ಆದರೆ ಎಷ್ಟೋ ಜನ ಬರಲೇ ಇಲ್ಲ. ಅಲ್ಲೇ ಕೂತು, ಎಲ್ಲರೂ ನೋಡೋ ಹಾಗೆ ಕುಡೀಬೇಕಿತ್ತು. ನಿನ್ನೆವರೆಗೆ ಇನ್ನೊಬ್ಬರಿಗೆ ಕೊಡ್ತಿದ್ದವರು ಬಾಗಿಲು ಹಾಕ್ಕೊಂಡು ಮನೇಲೇ ಹೋಗ್ಬಿಟ್ರು. ಬಂದು ಉಂಡವರ ಲೆಕ್ಕ ಸರ್ಕಾರದ ಹತ್ತಿರ ಇದೆ, ಇವರದ್ದು ಯಾರ ಹತ್ತಿರಾನೂ ಇಲ್ಲ."

ನಮ್ಮ ಮನೆ ಗಂಜಿಯಲ್ಲೂ ಹುಳುಕು ಹುಡುಕುತ್ತಾಳಲ್ಲ ಎಂದು ಸಿಟ್ಟು ಬಂತು. ಅನ್ನ ಎದುರಿಗಿಟ್ಟರೂ ಬರದವರಿಗೆ ಯಾರೇನು ಮಾಡುವುದು, ಎತ್ತಿ ಬಾಯಿಗೆ ಹಾಕಬೇಕಿತ್ತೇ ಎಂದು ಕೇಳಿದೆ. "ಅದೇ ಗೊತ್ತಾಗ್ತಿಲ್ಲ ಅಮ್ಮಾ" ಎಂದಳು. ಇಷ್ಟು ಓದಿ ಇವಳಿಗೆ ಗೊತ್ತಾಗಿದ್ದು ಇಷ್ಟು.

13 ಏಪ್ರಿಲ್, ಸೋಮವಾರ

ಇವತ್ತು ಕಳ್ಳನನ್ನು ಹಿಡಿದೇ ತೀರುತ್ತೇನೆ ಎಂದು ಗುರುಮೂರ್ತಿಯ ಹಿಂದೆ ಹೋದೆ. ಸೆರಗು ಮೂಗಿಗೆ ಕಟ್ಟಿಕೊಂಡು, ಈ ವಯಸ್ಸಿನಲ್ಲಿ. ಅವನು ಬಕೆಟ್ಟಿನ ಮೇಲೆ ಬಾಳೆ ಎಲೆ ಮುಚ್ಚಿಕೊಂಡು ಕೆರೆ ದಾರಿ ಹಿಡಿದ. ಎದುರು ಸಿಕ್ಕವರಿಗೆ, "ಹಸೀಗೆ, ಹಸೀಗೆ" ಎಂದು ಕೇಳದಿದ್ದರೂ ಹೇಳುತ್ತಿದ್ದ. ಕೆಂಪಲಕ್ಷ್ಮಮ್ಮನ ಕೊಟ್ಟಿಗೆ ದಾಟಿ ಹೋದ. ತನ್ನ ಮನೆಯ ಮುಂಬಾಗಿಲಿಗೂ ಹೋಗಲಿಲ್ಲ. ಹಿತ್ತಲ ಬೇಲಿ ಸುತ್ತಿ ಹೋದ.

ಹಿತ್ತಲ ಬಾಗಿಲಲ್ಲಿ ಅವನ ಮಗಳು ಸಿಂಧು, ಎಂಟೊಂಬತ್ತು ವರ್ಷದ ಕೂಸು, ತಟ್ಟೆ ಹಿಡಿದು ನಿಂತಿತ್ತು. ಬಕೆಟ್ಟು ಕೆಳಗಿಡುವಷ್ಟು ತಾಳ್ಮೆಯೂ ಇರಲಿಲ್ಲ ಅದಕ್ಕೆ. ಕೈ ಹಾಕಿತು. ಗುರುಮೂರ್ತಿ, "ನಿಧಾನ ಕಣವ್ವಾ, ನಿಧಾನ" ಎಂದು ಅದರ ಬೆನ್ನು ಸವರುತ್ತಿದ್ದ.

ನಾನು ಬೇಲಿಯ ಹಿಂದಿನಿಂದಲೇ ವಾಪಸು ಬಂದೆ. ಹಸುವಿಗೆಂದು ಎಷ್ಟೋ ದಿನ ತಳ ಸೀದ ಅನ್ನವನ್ನೇ ಕೆರೆದು ಹಾಕಿದ್ದೇನೆ. ಸಾರೂ ಇಲ್ಲದೆ, ಉಪ್ಪೂ ಇಲ್ಲದೆ. ಪ್ರವಾಸಿಗರಿಲ್ಲ ಎಂದ ಮೇಲೆ ಗೈಡಿಗೆ ಏನಿದೆ ಎಂದು ನನಗೆ ಯಾಕೆ ಹೊಳೆಯಲಿಲ್ಲವೋ. ಆ ಅಂಗಿ ನೋಡಿ ಮೋಸ ಹೋದೆ.

14 ಏಪ್ರಿಲ್, ಮಂಗಳವಾರ

ಬೆಳಿಗ್ಗೆಯೇ ಎದ್ದು ಅನ್ನ, ಹುಳಿ, ಪಲ್ಯ, ಶಾವಿಗೆ ಪಾಯಸ ಮಾಡಿದೆ. ನಾಲ್ಕು ಡಬ್ಬಿಯ ದೊಡ್ಡ ಕ್ಯಾರಿಯರಿಗೆ ತುಂಬಿ ಧರಣೇಶನ ಕೈಲಿ ಗುರುಮೂರ್ತಿಯ ಮನೆಗೆ ಕಳಿಸಿದೆ. ಇನ್ನು ದಿನಾ ಹೀಗೇ. ಬಕೆಟ್ಟಿನ ಅನ್ನದ ಕಾಲ ಮುಗಿಯಿತು. ಮನಸ್ಸಿಗೆ ಎಷ್ಟು ಹಾಯೆನಿಸಿತು ಎಂದರೆ ಯಜಮಾನರು ಕೇಳುವ ಮೊದಲೇ ಅವರಿಗೆ ಕಾಫಿ ಕೊಟ್ಟೆ.

15 ಏಪ್ರಿಲ್, ಬುಧವಾರ

ಗುರುಮೂರ್ತಿ ಬಡಿಸಲು ಬರಲಿಲ್ಲ. ಹಿಂದಿ ಬರುವವರಿಲ್ಲದೆ ಶಾಲೆಯ ಜನ ಕೈಸನ್ನೆಯಲ್ಲೇ ಉಂಡರು.

ಬೆಳಿಗ್ಗೆ ಗೇಟು ತೆಗೆದರೆ ಕ್ಯಾರಿಯರು ಸರಳಿಗೆ ನೇತು ಹಾಕಿತ್ತು. ತೊಳೆದು, ಒರೆಸಿ. ಉಂಡರು ಎಂದುಕೊಂಡೆ. ಹಾಲು ತಂದ ಕೆಂಪಲಕ್ಷ್ಮಮ್ಮನ ಮುಖ ಮಾತ್ರ ಅರಳಿತ್ತು. "ನಿನ್ನೆ ನಮ್ ಹಸೀಗೆ ಹಬ್ಬ ಕಣ್ರವ್ವಾ! ಗೈಡಪ್ನೋರು ತಾವೇ ಬಂದು ಹಾಕ್ಬುಟ್ ಹೋದ್ರು. ಶಾವ್ಗೆ ಪಾಯ್ಸನೂ ಇತ್ತು!"

ಧರಣೇಶನನ್ನು ಹಿಡಿದು ಕೇಳಿದೆ. ಮಹಾರಾಯ ಬೈಕಿನಲ್ಲಿ ಹೋಗಿ, ಅವರ ಮುಂಬಾಗಿಲಲ್ಲಿ ಹಾರನ್ ಹೊಡೆದು, "ಗುರುಮೂರ್ತಿಯಣ್ಣಾ, ದೊಡ್ಡಮ್ಮ ಊಟ ಕಳ್ಸವ್ರೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಾನೆ. ಹೆಂಡತಿ ಕೈ ಚಾಚಿದಾಗ ಫೋಟೋ. ಅದು ಗ್ರೂಪಿನಲ್ಲಿ. ನಾನು ನೋಡಿದೆ. ರಮಾಳ ಮುಖ ಅರ್ಧ, ಕ್ಯಾರಿಯರು ಪೂರ್ತಿ. ನಾಲ್ಕೂ ಡಬ್ಬಿಯ ಮೇಲೆ ಹೆಸರು ಕೆತ್ತಿಸಿದ್ದು ನಾನೇ, ಮದುವೆ ಮುಂಜಿಯಲ್ಲಿ ಪಾತ್ರೆ ಅದಲುಬದಲಾಗುತ್ತದೆ ಎಂದು. "ಬ್ರಹ್ಮದೇವ, ಬಸ್ತಿಹಳ್ಳಿ. ಬ್ರಹ್ಮದೇವ, ಬಸ್ತಿಹಳ್ಳಿ." ಫೋಟೋದಲ್ಲಿ ಚೆನ್ನಾಗಿ ಓದಲು ಬರುತ್ತದೆ.

ಧರಣೇಶನಿಗೆ ಬೈದೆ. ಅವನು, "ನೀವೇ ತಾನೇ ದೊಡ್ಡಮ್ಮ, ನಾಲ್ಕ್ ಜನಕ್ಕೆ ತಿಳೀಬೇಕು ಅಂದಿದ್ದು" ಎಂದ. ಅದಕ್ಕೂ ಸೇರಿಸಿ ಬೈದೆ.

16 ಏಪ್ರಿಲ್, ಗುರುವಾರ

ಬರಲಿಲ್ಲ.

19 ಏಪ್ರಿಲ್, ಭಾನುವಾರ

ಬಕೆಟ್ಟಿನ ಅನ್ನ ಈಗ ನಿಜವಾಗಿಯೂ ಹಸುವಿಗೇ ಹೋಗುತ್ತಿದೆ. ಆ ಮನೆಗೆ ಅದೂ ಇಲ್ಲ. ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದೆ. ಯಜಮಾನರು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

21 ಏಪ್ರಿಲ್, ಮಂಗಳವಾರ

ತಡೆಯಲಾರದೆ ಅವರ ಮನೆಗೇ ಹೋದೆ. ಒಂದು ಚಿಪ್ಪು ಬಾಳೆಹಣ್ಣು ಸೆರಗಿನೊಳಗೆ. ರಮಾ ಅರ್ಧ ಬಾಗಿಲು ತೆರೆದಳು. "ಬನ್ನಿ ಅಮ್ಮಾ" ಎಂದಳು, ಜಾಗ ಬಿಡಲಿಲ್ಲ.

"ಗುರುಮೂರ್ತಿ ಎಲ್ಲಿ?"

"ಮಲಗವ್ರೆ. ಮೈ ಹುಷಾರಿಲ್ಲ."

"ಊಟ ಆಯ್ತಾ?"

"ಈಗ್ತಾನೇ ಆಯ್ತಮ್ಮಾ."

ಒಳಗಿನಿಂದ ಒಗ್ಗರಣೆಯ ವಾಸನೆ ಇಲ್ಲ, ಪಾತ್ರೆಯ ಸದ್ದಿಲ್ಲ, ಹೊಗೆ ಇಲ್ಲ. ಸಿಂಧು ಅಮ್ಮನ ಸೆರಗಿನ ಹಿಂದೆ ನಿಂತಿದ್ದಳು. ಒಂದು ವಾರದಲ್ಲಿ ಮುಖವೆಲ್ಲ ಕಣ್ಣೇ ಆಗಿದೆ. "ಏನ್ ಊಟ ಪುಟ್ಟಾ?" ಎಂದೆ. ಮಗು ಮೊದಲು ಅಮ್ಮನ ಮುಖ ನೋಡಿತು. ಆಮೇಲೆ ಪಾಠ ಒಪ್ಪಿಸುವ ಹಾಗೆ, "ಉಪ್ಸಾರು, ಮುದ್ದೆ" ಎಂದಿತು.

ಹಣ್ಣು ಮುಂದೆ ಹಿಡಿದೆ. "ಬೇಡಮ್ಮಾ, ಅವ್ಳಿಗೆ ಶೀತ" ಎಂದಳು ರಮಾ. ಪಕ್ಕದ ಮನೆಯವರು ಕಿಟಕಿಯಲ್ಲಿ ನೋಡುತ್ತಿದ್ದರು.

ದಾರಿಯುದ್ದಕ್ಕೂ ಅಳು ಬಂತು. ಒಂದೊಂದು ಸಲ ಸಿಟ್ಟೂ ಬಂತು. ನಿನ್ನ ಮಾನ ನೀನಿಟ್ಟುಕೋ, ಮಗುವಿನ ಹೊಟ್ಟೆಗೆ ಹಾಕು ಎಂದು ಕೂಗಬೇಕೆನಿಸಿತು. ಆ ಮಗುವಿಗೆ ಏನಾದರೂ ಆದರೆ ನನ್ನ ಕೊಪ್ಪರಿಗೆಯನ್ನು ನಾನೇ ಕೆರೆಗೆ ಹಾಕುತ್ತೇನೆ.

24 ಏಪ್ರಿಲ್, ಶುಕ್ರವಾರ

ದೀಪ್ತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಮೂಗು ಒರೆಸಿದ ಸದ್ದು ಕೇಳಿತು. "ಅಮ್ಮಾ, ಶಾಲೆಯಲ್ಲಿರೋರು ಯಾಕೆ ನಾಚ್ಕೊಳ್ಳಲ್ಲ ಗೊತ್ತಾ?" ಎಂದಳು. ಗೊತ್ತಿತ್ತು. ಈ ಊರಲ್ಲಿ ಅವರ ಮುಖ ಬಲ್ಲವರು ಯಾರೂ ಇಲ್ಲ. ಗುರುಮೂರ್ತಿಯನ್ನು ಹೆಸರು ಹಿಡಿದು ಕರೆಯದವರು ಯಾರೂ ಇಲ್ಲ.

ಭಾನುವಾರ ಅಕ್ಷಯ ತದಿಗೆ. ಕಬ್ಬಿನ ಹಾಲು ಸಿಗುವುದಿಲ್ಲ ಈ ಸಲ, ಬೆಲ್ಲದ ಪಾನಕವೇ ಗತಿ. ಬೆಲ್ಲ ಕುಟ್ಟುತ್ತಾ ಆ ಕಥೆ ನೆನಪಾಯಿತು, ಚಿಕ್ಕಂದಿನಿಂದ ಕೇಳಿದ್ದೇ. ಆದಿನಾಥ ಸ್ವಾಮಿ ಮುನಿಯಾದ ಮೇಲೆ ಆಹಾರಕ್ಕೆಂದು ಊರೂರು ತಿರುಗಿದರು. ಜನ ಓಡೋಡಿ ಬಂದು ಆನೆ ಕೊಟ್ಟರು, ಕುದುರೆ ಕೊಟ್ಟರು, ಒಡವೆ ಸುರಿದರು. ಅನ್ನ ಕೊಡುವ ಕ್ರಮ ಒಬ್ಬರಿಗೂ ತಿಳಿದಿರಲಿಲ್ಲ. ಎಲ್ಲರೂ ಕೊಡುವವರೇ, ಸ್ವಾಮಿ ಮಾತ್ರ ಉಪವಾಸ. ಕೊನೆಗೆ ಶ್ರೇಯಾಂಸ ರಾಜನಿಗೆ ಹಿಂದಿನ ಜನ್ಮದ ನೆನಪಾಗಿ, ಬಾಗಿಲಲ್ಲಿ ತಾನೇ ಕಾದು ನಿಂತು, ಕೈಮುಗಿದು ಬೇಡಿಕೊಂಡು ಕಬ್ಬಿನ ಹಾಲು ಕೊಟ್ಟ.

ನಮ್ಮ ಮನೆಗೆ ಮುನಿಗಳು ಬಂದಾಗಲೂ ಹಾಗೇ ತಾನೇ? ಬಾಗಿಲಲ್ಲಿ ನಿಂತು, "ನಿಲ್ಲಿ ಸ್ವಾಮಿ, ನಿಲ್ಲಿ" ಎಂದು ಬೇಡುವವರು ನಾವು. ಅವರು ಸ್ವೀಕರಿಸಿದರೆ ನಮ್ಮ ಪುಣ್ಯ, ತಿರುಗಿ ಹೋದರೆ ನಮ್ಮ ಕರ್ಮ. ಅವರು ನಮಗೆ ಋಣಿಗಳಲ್ಲ. ಈ ವಿದ್ಯೆ ಗೊತ್ತಿದ್ದೂ ನಾನು ಹಾರನ್ ಹೊಡೆಸಿದೆ.

25 ಏಪ್ರಿಲ್, ಶನಿವಾರ

ಇವತ್ತು ಮಾಡಿದ ಕೆಲಸಗಳು. ಫ್ಲೆಕ್ಸ್ ಬಿಚ್ಚಿಸಿದೆ. ಒಲೆಯ ಸೌದೆಗೆ ಹೊದೆಸಿದ್ದೇನೆ, ಮಳೆ ಬರುವ ಹಾಗಿದೆ. ಧರಣೇಶನಿಗೆ ಗ್ರೂಪಿನ ಫೋಟೋಗಳನ್ನು ಅಳಿಸಲು ಹೇಳಿದೆ, ಅವನು ಅಲ್ಲೇ ನಿಂತು ಅಳಿಸಿದ. ಪಾಪ, ಒಳ್ಳೆಯ ಹುಡುಗನೇ.

ಅಂಗಡಿಯಿಂದ ಬಟ್ಟೆ ಚೀಲಗಳನ್ನು ತರಿಸಿದೆ. ಎಲ್ಲದರ ಮೇಲೂ ಅಂಗಡಿಯ ಹೆಸರು, ಯಜಮಾನರ ಹೆಸರು, ಫೋನ್ ನಂಬರು. ಒಂದೊಂದನ್ನೂ ಒಳಹೊರಗು ಮಾಡಿದೆ, ಹೆಸರು ಒಳಗೆ ಅಕ್ಕಿಯ ಜೊತೆ ಇರಲಿ. ಅಕ್ಕಿ, ತೊಗರಿಬೇಳೆ, ರಾಗಿ ಹಿಟ್ಟು, ಉಪ್ಪು, ಒಂದು ಅಚ್ಚು ಬೆಲ್ಲ. ಬೇಯಿಸಿದ್ದಲ್ಲ, ಅವರ ಒಲೆಯಲ್ಲಿ ಅವರೇ ಬೇಯಿಸಿಕೊಳ್ಳಲಿ. ಆ ಮನೆಯಿಂದ ಹೊಗೆ ಏಳಲಿ. ಯಜಮಾನರು ಪಕ್ಕದಲ್ಲಿ ಕುಳಿತು ಚೀಲದ ಬಾಯಿಗೆ ದಾರ ಕಟ್ಟಿದರು. ಏನೋ ಗುನುಗುತ್ತಿದ್ದರು.

ಆಮೇಲೆ ಕೆಂಪಲಕ್ಷ್ಮಮ್ಮನನ್ನು ಕರೆದು, ಯಾರಿಗೂ ಹೇಳಬೇಡ ಎಂದು ಕೈಮೇಲೆ ಕೈ ಇಟ್ಟು ಮಾತು ತೆಗೆದುಕೊಂಡು ಒಂದು ಗುಟ್ಟು ಹೇಳಿದೆ. "ನಾಳೆ ತದಿಗೆಯಿಂದ ನಮ್ಮನೇಲಿ ಒಂದು ವ್ರತ ಕಣೇ. ಕತ್ತಲಾದ ಮೇಲೆ ಜಗಲಿ ಮೇಲೆ ಚೀಲ ಇಡ್ತೀವಿ. ಬೆಳಗಾಗೋದ್ರೊಳಗೆ ಯಾರಾದ್ರೂ ತಗೊಂಡು ಹೋಗ್ಬೇಕು. ಉಳಿದ್ರೆ ನಮಗೆ ದೋಷ. ಯಾರು ತಗೊಂಡ್ರು ಅಂತ ನಾವು ನೋಡೋ ಹಾಗಿಲ್ಲ."

"ಅಯ್ಯೋ, ಯಾರೂ ಬರ್ದಿದ್ರೆ?" ಎಂದಳು, ಕಣ್ಣು ದೊಡ್ಡದು ಮಾಡಿ.

"ಅದೇ ನನ್ನ ಭಯ" ಎಂದೆ. ಸುಳ್ಳಲ್ಲ.

ಅವಳಿಗೆ ಹೇಳಿದ ಮೇಲೆ ಮೈಕಿನಲ್ಲಿ ಕೂಗುವ ಅಗತ್ಯವಿಲ್ಲ.

26 ಏಪ್ರಿಲ್, ಭಾನುವಾರ. ಅಕ್ಷಯ ತದಿಗೆ

ಹೊತ್ತಿಗೆ ಮುಂಚೆ ಊಟ ಮುಗಿಸಿದೆವು. ಕತ್ತಲಾಗುತ್ತಲೇ ಚೀಲಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟೆ. ದೀಪ ಹಾಕಲಿಲ್ಲ. ಬೆಳಕಿಗೆ ಹುಳ ಬಂದು ಸಾಯುತ್ತವೆ ಎಂದು ಬೇಸಿಗೆಯಲ್ಲಿ ನಾವು ಹೊರಗೆ ದೀಪ ಹಾಕುವುದೇ ಕಡಿಮೆ, ಅದು ಒಳ್ಳೆಯದೇ ಆಯಿತು. ಆದರೆ ಗೇಟಿನ ಎದುರಿಗೇ ಪಂಚಾಯಿತಿಯ ಬೀದಿ ದೀಪ! ಅದರ ನೆನಪೇ ಇರಲಿಲ್ಲ ನನಗೆ. ಹಗಲಿನ ಹಾಗೆ ಬೆಳಗುತ್ತಿದೆ. ಏನು ಮಾಡುವುದು ಎಂದು ನಾನು ಒದ್ದಾಡುತ್ತಿರುವಾಗ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಂಬದ ಸ್ವಿಚ್ಚು ಟಕ್ ಎಂದಿತು. ಅರವತ್ತೈದು ವರ್ಷದಲ್ಲಿ ಅವರು ಮಾಡಿದ ಮೊದಲ ಕಾನೂನು ವಿರುದ್ಧದ ಕೆಲಸ ಇದೇ ಇರಬೇಕು. ಒಳಗೆ ಬಂದು ಬಾಗಿಲು ಹಾಕಿ, "ಇನ್ನು ಆ ಕಿಟಕಿ ಹತ್ರ ಕೂರ್ಬೇಡ" ಎಂದರು ನನಗೆ.

ಕೂರಲಿಲ್ಲ. ಬಾಗಿಲ ಹಿಂದೆ ನೆಲದ ಮೇಲೆ ಕುಳಿತೆ. ಬಹಳ ಹೊತ್ತು ಯಾರೂ ಇಲ್ಲ. ಬರುವುದಿಲ್ಲ ಎಂದುಕೊಂಡೆ. ಬರಲಿ ಎಂದು ಮನಸ್ಸಿನಲ್ಲೇ ಬೇಡಿದೆ, ಮುನಿಗಳಿಗೆ ಬೇಡುವ ಹಾಗೇ ಬೇಡಿದೆ, ತಪ್ಪಾಗಿದ್ದರೆ ಸ್ವಾಮಿ ಕ್ಷಮಿಸಲಿ. ಆಮೇಲೆ ಗೇಟು ಕಿರ್ರೆಂದಿತು. ಬರಿಗಾಲಿನ ಹೆಜ್ಜೆ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಬ್ಬರದು. ಇಷ್ಟು ಜನರ ಮನೆಯಲ್ಲಿ ಒಲೆ ಆರಿತ್ತೇ? ಎಲ್ಲರೂ ನನಗೆ ದಿನಾ ನಮಸ್ಕಾರ ಹೇಳುವವರೇ ಇರಬೇಕು.

ಕೊನೆಯಲ್ಲಿ ಒಂದು ಮಗುವಿನ ಸ್ವರ, ಪಿಸುಪಿಸು, ಆದರೆ ಮಕ್ಕಳ ಪಿಸುಮಾತು ಮನೆಯೆಲ್ಲ ಕೇಳುತ್ತದೆ. "ಅಪ್ಪಾ, ಬೆಲ್ಲನೂ ಐತೆ!"

"ಶ್, ಸುಮ್ಕಿರು."

ಯಾರ ಸ್ವರ ಎಂದು ಇಲ್ಲಿ ಬರೆಯುವುದಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಯಜಮಾನರು ಬಂದು ಪಕ್ಕದಲ್ಲಿ ಕುಳಿತರು.

27 ಏಪ್ರಿಲ್, ಸೋಮವಾರ

ಜಗಲಿ ಬರಿದಾಗಿತ್ತು. ಯಾರೋ ಗುಡಿಸಿಯೂ ಹೋಗಿದ್ದಾರೆ, ಕತ್ತಲಲ್ಲೇ. ಮೂಲೆಯಲ್ಲಿ ಸ್ವಲ್ಪ ಕಸ ಉಳಿದಿತ್ತು. ಅವರು ಗುಡಿಸಿದ್ದರ ಮೇಲೆ ನಾನು ಮತ್ತೆ ಪೊರಕೆ ಆಡಿಸಲಿಲ್ಲ.

4 ಮೇ, ಸೋಮವಾರ

ಶಾಲೆಯಲ್ಲಿರುವ ಕೂಲಿ ಜನರಿಗೆ ರೈಲು ಗೊತ್ತುಮಾಡಿದ್ದಾರಂತೆ, ಅರಸೀಕೆರೆಯವರೆಗೆ ಬಸ್ಸು ಬರುತ್ತದಂತೆ. ಹೇಳಲು ಹಿಂದಿ ಬರುವವರು ಬೇಕಲ್ಲ ಎಂದುಕೊಳ್ಳುವಷ್ಟರಲ್ಲಿ ಬಿಳಿ ಅಂಗಿ ಗೇಟಿನಲ್ಲಿ ಕಾಣಿಸಿತು.

"ಮೈ ಹುಷಾರಿರ್ಲಿಲ್ಲ ಅಮ್ಮಾವ್ರೇ."

"ಈಗ?"

"ವಾಸಿ."

"ಸೌಟು ಅಲ್ಲೈತೆ ನೋಡು" ಎಂದೆ. ಅಷ್ಟೇ. ಬಡಿಸಿದ, ನಗಿಸಿದ. ಸಂಜೆ ಬಕೆಟ್ಟನ್ನು ಕೆಂಪಲಕ್ಷ್ಮಮ್ಮನ ಹಸುವಿಗೇ ಹಾಕಿ ಬಂದ. ಅವಳ ಹಸು ಈಗ ಬಾಗಿಲಿನಲ್ಲಿ ಹಿಡಿಸುವುದಿಲ್ಲ.

ವ್ರತ ನಡೆದಿದೆ. ಚೀಲಗಳು ಒಗೆದು ಮಡಿಸಿ ವಾಪಸು ಬರುತ್ತವೆ, ಹೆಸರು ಒಳಗಿರುವ ಹಾಗೆಯೇ. ಬೀದಿ ದೀಪ ಕೆಟ್ಟಿದೆ ಎಂದು ಪಂಚಾಯಿತಿಗೆ ಯಾರೂ ದೂರು ಕೊಟ್ಟಿಲ್ಲ.

18 ಅಕ್ಟೋಬರ್, ಭಾನುವಾರ

ಎಷ್ಟು ತಿಂಗಳಾಯಿತು ಈ ಡೈರಿ ಮುಟ್ಟಿ. ರೇಗಲು ಪುರುಸೊತ್ತಿರಲಿಲ್ಲ. ಇವತ್ತು ಒಂದು ವಿಷಯ ಬರೆಯಬೇಕೆನಿಸಿತು.

ಕೊಪ್ಪರಿಗೆಗೆ ಕಲಾಯಿ ಹಾಕಿಸಿ ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದೆ. ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಬಸದಿ ನೋಡಲು ಜನ ಬಂದಿದ್ದರು, ತುಮಕೂರಿನ ಕಡೆಯ ಒಂದು ಸಂಸಾರ. ಕಂಬದಲ್ಲಿ ಮುಖ ನೋಡಿಕೊಂಡು ಅವರ ಮಕ್ಕಳು ಕಿರುಚಿ ನಗುವುದು ಇಲ್ಲಿಗೇ ಕೇಳಿತು. ವಾಪಸು ಹೋಗುವಾಗ ನಮ್ಮ ಗೇಟಿನ ಹತ್ತಿರ ನಿಂತರು. "ಅಬ್ಬಾ, ಎಷ್ಟು ದೊಡ್ಡ ಪಾತ್ರೆ! ಏನಿದು?" ಎಂದ ಆ ಗಂಡಸು.

ಗುರುಮೂರ್ತಿ ತನ್ನ ಗೈಡಿನ ಗಂಟಲಲ್ಲೇ ಹೇಳಿದ. "ಧಾತು ಈಶ್ವರ ಬರದ ಕೊಪ್ಪರಿಗೆ ಸಾರ್ ಇದು. ನೂರಾನಲವತ್ತು ವರ್ಷದ ಹಿಂದೆ ಈ ಅಂಗಳದಲ್ಲಿ ಗಂಜಿ ಕಾಯ್ಸಿ ಹಾಕಿದ್ರು. ಮೊನ್ನೆ ಲಾಕ್‌ಡೌನಲ್ಲೂ ಇದೇ ಒಲೆ ಮೇಲಿತ್ತು."

"ಹಂಗಾದ್ರೆ ಈ ಊರಲ್ಲಿ ಇದ್ರಲ್ಲಿ ಉಂಡೋರು ತುಂಬಾ ಜನ ಇರ್ಬೇಕು?"

ನನ್ನ ಕೈ ಮೊರದಲ್ಲೇ ನಿಂತಿತು. ಗುರುಮೂರ್ತಿ ಉತ್ತರ ಕೊಟ್ಟಾಗ ಗೈಡಿನ ಗಂಟಲು ಇರಲಿಲ್ಲ.

"ಇಲ್ಲ ಸಾರ್. ಇದ್ರಲ್ಲಿ ಉಂಡೋರ ಮನೆ ಈ ಊರಲ್ಲಿ ಒಂದೂ ಇಲ್ಲ. ಎಲ್ಲಾ ಬಡಿಸ್ದೋರ ಮನೆಗಳೇ."

ಆ ಗಂಡಸು ನಂಬಲಿಲ್ಲ. ಗೇಟಿನ ಸರಳಿನಿಂದ ನನ್ನ ಕಡೆ ನೋಡಿ ನಕ್ಕು, "ಹೌದೇನಮ್ಮಾ?" ಎಂದ. ಗುರುಮೂರ್ತಿ ನೆಲ ನೋಡುತ್ತಿದ್ದ.

"ಹೌದು ಕಣಪ್ಪಾ" ಎಂದೆ. "ಈ ಊರಲ್ಲಿ ಎಲ್ಲಾ ಬಡಿಸ್ದೋರೇ. ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ."

ಅವರು ಹೋದರು. ಮತ್ತೆ ಅಕ್ಕಿ ಆರಿಸಲು ಕುಳಿತೆ. ಕಣ್ಣೆಲ್ಲ ಮಂಜಾಗಿ, ಎಷ್ಟೋ ಹೊತ್ತು ಯಾವುದು ಅಕ್ಕಿ ಯಾವುದು ಕಲ್ಲು ತಿಳಿಯಲಿಲ್ಲ.